ಜಮಾ ಇಲ್ಲದ ಖಾತೆ

ಮಕ್ಕಳೇ, ಮೊದಲು ಒಂದು ಆಟ ಆಡೋಣ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದು ಕೂಡಿಸುವ ಗುರುತು ಬರೆಯಿರಿ. ಅದೇ ಸಾಲಿನಲ್ಲಿ, ಬಲಗಡೆಗೆ 8 ಸೆಂಟಿಮೀಟರ್ ಬಿಟ್ಟು, ಕಡಲೆಕಾಳಿನಷ್ಟು ದಪ್ಪದ ಒಂದು ಕಪ್ಪು ಚುಕ್ಕೆ ಇಡಿ. ಈಗ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಿ. ಬಲಗಣ್ಣಿನಿಂದ ಕೂಡಿಸುವ ಗುರುತನ್ನೇ ನೋಡುತ್ತಾ ಹಾಳೆಯನ್ನು ತೋಳಿನಷ್ಟು ದೂರದಿಂದ ನಿಧಾನವಾಗಿ ಮುಖದ ಹತ್ತಿರಕ್ಕೆ ತನ್ನಿ. ಒಂದು ಅಡಿಯ ಆಸುಪಾಸಿಗೆ ಬಂದಾಗ ಚುಕ್ಕೆ ಮಾಯ! ಇನ್ನೂ ಹತ್ತಿರ ತಂದರೆ ಮತ್ತೆ ಹಾಜರು.

ಅಜ್ಜ ಅಜ್ಜಿಯರೂ ಮಾಡಿ ನೋಡಿ. ಚುಕ್ಕೆ ಮಾಯವಾದಾಗ ಆ ಜಾಗದಲ್ಲಿ ಏನು ಕಂಡಿತು? ತೂತು ಕಂಡಿತೇ? ಕತ್ತಲೆ ಕಂಡಿತೇ? ಇಲ್ಲ, ಬರೀ ಬಿಳಿ ಹಾಳೆ ಕಂಡಿತು. ನಮ್ಮೆಲ್ಲರ ಕಣ್ಣಿನ ಹಿಂಭಾಗದಲ್ಲಿ ಒಂದು ಸಣ್ಣ ಜಾಗವಿದೆ. ಕಣ್ಣಿನ ನರ ಮಿದುಳಿನ ಕಡೆಗೆ ಹೊರಡುವುದು ಅಲ್ಲಿಂದ. ಆ ಜಾಗಕ್ಕೆ ನೋಡುವ ಶಕ್ತಿ ಇಲ್ಲ. ಆದರೆ ನಮ್ಮ ಮಿದುಳು ಜಾಣ. ಅಕ್ಕಪಕ್ಕದಲ್ಲಿ ಏನಿದೆಯೋ ಅದನ್ನೇ ಅಲ್ಲಿಗೂ ಬಳಿದು, ಎಲ್ಲ ಸರಿಯಾಗಿದೆ ಎಂದು ನಮ್ಮನ್ನು ನಂಬಿಸಿಬಿಡುತ್ತದೆ.

ನಾನು ಇವತ್ತು ಹೇಳಹೊರಟ ಕಾಯಿಲೆ ಕೆಡಿಸುವುದು ಆ ನರವನ್ನೇ. ಅದು ನಮ್ಮ ಅರಿವಿಗೆ ಬಾರದೆ ವರ್ಷಗಟ್ಟಲೆ ಬೆಳೆಯುವುದಕ್ಕೆ ಮಿದುಳಿನ ಈ ಜಾಣತನವೂ ಒಂದು ಕಾರಣ. ಅದರ ಹೆಸರು ಗ್ಲಾಕೋಮಾ.

ನಾನು ವೈದ್ಯನಲ್ಲ. ಬಿ.ಕಾಂ. ಓದಿ, 1974ರಲ್ಲಿ ಬ್ಯಾಂಕಿಗೆ ಸೇರಿ, ಮೂವತ್ತೇಳು ವರ್ಷ ಕೌಂಟರಿನ ಹಿಂದೆ ಕೂತು ಲೆಜರ್ ಬರೆದ ಗುಮಾಸ್ತ. ಆದರೆ ಹತ್ತು ವರ್ಷಕ್ಕೂ ಮೇಲ್ಪಟ್ಟು ದಿನಾ ರಾತ್ರಿ ಗ್ಲಾಕೋಮಾದ ಹನಿ ಹಾಕಿಕೊಳ್ಳುತ್ತಿದ್ದೇನೆ. ಗಿರಾಕಿಗಳು ಬಡ್ಡಿ ಲೆಕ್ಕದ ಬಗ್ಗೆ ನನ್ನನ್ನು ಎಷ್ಟು ಪ್ರಶ್ನೆ ಕೇಳಿದ್ದರೋ ಅಷ್ಟನ್ನೂ ನಾನು ಕಣ್ಣಿನ ಡಾಕ್ಟರನ್ನು ಕೇಳಿ ತೀರಿಸಿಕೊಂಡಿದ್ದೇನೆ.

ನನಗೆ ಇದು ಗೊತ್ತಾದದ್ದು ನಮ್ಮ ದೊಡ್ಡಣ್ಣನ ದೆಸೆಯಿಂದ. ಅವನು ಅರಸೀಕೆರೆ ಕಡೆಯ ನಮ್ಮ ಊರಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ತೆಂಗಿನ ತೋಟ ನೋಡಿಕೊಂಡು, ದಿನಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೂ ಓದಿಕೊಂಡು ಆರಾಮವಾಗಿದ್ದ. ಅಷ್ಟು ಸಣ್ಣ ಅಕ್ಷರ ಓದುವವನ ಕಣ್ಣಿಗೆ ಏನಾದೀತು ಎಂದು ಎಲ್ಲರ ನಂಬಿಕೆ.

ಆದರೆ ಅವನ ಬಲಭುಜ ಆಗಾಗ ಬಾಗಿಲವಾಡಕ್ಕೆ ಬಡಿಯುತ್ತಿತ್ತು. ಪಕ್ಕದಲ್ಲಿಟ್ಟ ಕಾಫಿ ಲೋಟ ಕೈತಾಗಿ ಉರುಳುತ್ತಿತ್ತು. ಬೀದಿಯಲ್ಲಿ ಪಕ್ಕದಿಂದ ಹಾದುಹೋದವರನ್ನು ಅವನು ಗಮನಿಸುತ್ತಲೇ ಇರಲಿಲ್ಲ. "ಮೇಷ್ಟ್ರಿಗೆ ಈಚೆಗೆ ಜಂಬ ಬಂದಿದೆ" ಎಂದವರೂ ಉಂಟು. ಕೊನೆಗೆ ಮಂಜು ಮಂಜು ಅನ್ನತೊಡಗಿದಾಗ ಮನೆಯಲ್ಲೆಲ್ಲ ಒಂದೇ ಮಾತು: "ವಯಸ್ಸಾಯಿತಲ್ಲ, ಪೊರೆ ಬಂದಿದೆ. ಇನ್ನೂ ಸ್ವಲ್ಪ ಬಲಿಯಲಿ, ಆಮೇಲೆ ತೆಗೆಸಿದರಾಯಿತು." ಹೀಗೆ ಎರಡು ಬೇಸಿಗೆ ಕಳೆದವು.

2014ರಲ್ಲಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಬಲಗಣ್ಣಿಗೆ ಮುಖದ ಮುಂದೆ ಆಡಿಸಿದ ಕೈ ಮಾತ್ರ ಕಾಣುತ್ತಿತ್ತು. ಎಡಗಣ್ಣು ಅಕ್ಷರವನ್ನೇನೋ ಓದುತ್ತಿತ್ತು, ಆದರೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಅದಕ್ಕೆ ಕಾಣುತ್ತಿದ್ದುದು. ಡಾಕ್ಟರ್ ಮೆಲ್ಲಗೆ ಹೇಳಿದರು: "ಹೋದದ್ದು ಬರುವುದಿಲ್ಲ ಮೇಷ್ಟ್ರೇ. ಇರುವುದನ್ನು ಉಳಿಸಿಕೊಳ್ಳೋಣ."

"ಆಪರೇಷನ್ ಮಾಡಿಬಿಡಿ ಸಾರ್, ಎಷ್ಟಾದರೂ ಆಗಲಿ" ಎಂದ ಅಣ್ಣ.

ಅವನು ಹಾಗೆ ಕೇಳಿದ್ದು ಸಹಜವೇ. ನಮ್ಮ ಕಾಲದವರಿಗೆಲ್ಲ ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳು ನೆನಪಿವೆ. ಊರೂರಿಗೆ ಹೋಗಿ ಲಕ್ಷಾಂತರ ಜನರಿಗೆ ಮತ್ತೆ ಕಣ್ಣು ಕಾಣುವಂತೆ ಮಾಡಿದ ಪುಣ್ಯಾತ್ಮ ಅವರು. ಕೋಲು ಹಿಡಿದು ಹೋದವರು ಹಸಿರು ಪಟ್ಟಿ ಕಟ್ಟಿಕೊಂಡು ಬಂದು, ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಕ್ಕಳ ಮುಖ ನೋಡಿದ್ದನ್ನು ನಾವು ಕಂಡವರು. ಹಾಗಾಗಿ ಕಣ್ಣು ಮಂಜಾದರೆ ಕಾಯಬಹುದು, ಶಸ್ತ್ರಚಿಕಿತ್ಸೆಯಾದರೆ ಬೆಳಕು ಮರಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಪೊರೆಯ ಮಟ್ಟಿಗೆ ಅದು ನಿಜ. ಪೊರೆ ಎಂದರೆ ಕಣ್ಣೊಳಗಿನ ಮಸೂರ ಮಂಜಾಗುವುದು. ಅದನ್ನು ತೆಗೆದು ಬೇರೆ ಮಸೂರ ಇಡಬಹುದು.

ಹಾಗಾದರೆ ಯಾರಾದರೂ ಕಣ್ಣು ದಾನ ಮಾಡಿದರೆ? ಇದನ್ನು ಕೇಳಿದವಳು ನನ್ನ ಮೊಮ್ಮಗಳು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತಲ್ಲ, ಹಾಗೆಯೇ ದೊಡ್ಡಜ್ಜನಿಗೂ ಆಗುವುದಿಲ್ಲವೇ ಎಂದು. ಪುಟ್ಟಿ, ದಾನ ಪಡೆದ ಕಣ್ಣಿನಿಂದ ಜೋಡಿಸುವುದು ಕಾರ್ನಿಯಾ ಎಂಬ ಮುಂಭಾಗದ ತಿಳಿಯಾದ ಪದರವನ್ನು. ಅದು ಕಿಟಕಿಯ ಗಾಜಿದ್ದ ಹಾಗೆ, ಒಡೆದರೆ ಬೇರೆ ಹಾಕಬಹುದು. ಗ್ಲಾಕೋಮಾ ಕೆಡಿಸುವುದು ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು. ಆ ನರವನ್ನು ಕತ್ತರಿಸಿ ಜೋಡಿಸುವ ವಿದ್ಯೆ ಇನ್ನೂ ಯಾರಿಗೂ ಒಲಿದಿಲ್ಲ.

ಆ ನರ ಕೆಡುವುದು ಹೇಗೆ? ಕಣ್ಣೀರು ಬೇರೆ, ಕಣ್ಣೊಳಗಿನ ನೀರು ಬೇರೆ. ಕಣ್ಣೊಳಗೆ ಸದಾ ಒಂದು ತಿಳಿನೀರು ಒಸರುತ್ತಿರುತ್ತದೆ. ಅದು ಮುಂಭಾಗವನ್ನೆಲ್ಲ ಪೋಷಿಸಿ, ಕಾರ್ನಿಯಾಕ್ಕೂ ಕಣ್ಣಿನ ಬಣ್ಣದ ಬಳೆಗೂ ನಡುವೆ ಇರುವ ಮೂಲೆಯ ಜಾಲರಿಯಲ್ಲಿ ಬಸಿದು ರಕ್ತಕ್ಕೆ ಸೇರುತ್ತದೆ. ನಮ್ಮ ಊರಿನ ಕೆರೆ ನೆನೆಸಿಕೊಳ್ಳಿ. ಹಳ್ಳದಿಂದ ನೀರು ಬರುತ್ತಿರುತ್ತದೆ, ತೂಬಿನಿಂದ ಹೋಗುತ್ತಿರುತ್ತದೆ. ತೂಬಿಗೆ ಕಸ ಕಟ್ಟಿಕೊಂಡರೆ? ಬರುವ ನೀರು ನಿಲ್ಲುವುದಿಲ್ಲ, ಹೋಗುವ ನೀರು ಹೋಗುವುದಿಲ್ಲ, ಏರಿಯ ಮೇಲೆ ಒತ್ತಡ. ಏರಿ ಎಲ್ಲಿ ಮೆದುವೋ ಅಲ್ಲಿಗೆ ಏಟು ಹೆಚ್ಚು. ಕಣ್ಣಿನಲ್ಲಿ ಆ ಮೆದುವಾದ ಜಾಗವೇ ನರ ಹೊರಡುವ ಜಾಗ. ಚುಕ್ಕೆ ಮಾಯವಾಯಿತಲ್ಲ, ಅದೇ ಜಾಗ.

ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21ರೊಳಗೆ ಇರುತ್ತದೆ. ಅಳೆಯುವುದು ಪಾದರಸದ ಮಿಲಿಮೀಟರಿನಲ್ಲಿ, ಬಿ.ಪಿ. ಅಳೆಯುವ ಹಾಗೆ. ಆದರೆ ತೋಳಿನ ಬಿ.ಪಿ.ಯೇ ಬೇರೆ, ಕಣ್ಣಿನ ಒತ್ತಡವೇ ಬೇರೆ. ಒಂದು ಸರಿಯಿದೆ ಎಂದು ಇನ್ನೊಂದು ಸರಿಯಿರಬೇಕಿಲ್ಲ. ಇನ್ನೊಂದು ಮಾತು: ಕೆಲವರ ಒತ್ತಡ 21ರೊಳಗೇ ಇದ್ದರೂ ನರ ಕೆಡುವುದುಂಟು. ಆದ್ದರಿಂದ ಡಾಕ್ಟರು ಒತ್ತಡವನ್ನಷ್ಟೇ ಅಳೆದು ಬಿಡುವುದಿಲ್ಲ, ಪಾಪೆ ಅರಳುವ ಹನಿ ಹಾಕಿ ನರವನ್ನೇ ನೋಡುತ್ತಾರೆ.

ಒಂದು ಕಣ್ಣಿನ ನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿರುತ್ತವೆಯಂತೆ. ಡಾಕ್ಟರ್ ಇದನ್ನು ಹೇಳಿದಾಗ ನನಗೆ ಥಟ್ಟನೆ ಹೊಳೆದದ್ದು ಪಾಸ್‌ಬುಕ್. ಹುಟ್ಟುವಾಗ ಖಾತೆಯಲ್ಲಿ ಹತ್ತು ಹನ್ನೆರಡು ಲಕ್ಷ ಇಟ್ಟು ಕಳಿಸಿದ್ದಾರೆ. ಈ ಖಾತೆಗೆ ಖರ್ಚಿನ ಕಾಲಂ ಮಾತ್ರ ಇದೆ, ಜಮಾ ಕಾಲಂ ಇಲ್ಲ. ವಯಸ್ಸಾದಂತೆ ಅಷ್ಟಿಷ್ಟು ಎಲ್ಲರಿಗೂ ಕರಗುತ್ತದೆ. ಗ್ಲಾಕೋಮಾ ಬಂದವರಿಗೆ ಬೇಗ ಬೇಗ ಕರಗುತ್ತದೆ. ಮೂರರಲ್ಲಿ ಒಂದು ಪಾಲು ಹೋದ ಮೇಲೂ ಖಾತೆದಾರನಿಗೆ ಏನೂ ಗೊತ್ತಾಗದೆ ಇರಬಹುದು. ಬ್ಯಾಂಕಿನಲ್ಲಾದರೆ ಚೆಕ್ ವಾಪಸ್ ಬಂದಾಗಲಾದರೂ ಗೊತ್ತಾಗುತ್ತದೆ. ಇಲ್ಲಿ ನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ಪತ್ರಿಕೆ ಓದುತ್ತಲೇ ಇರುತ್ತೇವೆ.

ಅವತ್ತು ಡಾಕ್ಟರ್ ನನ್ನ ಕಡೆ ತಿರುಗಿ ಕೇಳಿದರು: "ನೀವು ಇವರಿಗೆ ಏನಾಗಬೇಕು?"

"ತಮ್ಮ ಸಾರ್."

"ಒಡಹುಟ್ಟಿದವರೋ?"

"ಹೌದು."

"ಹಾಗಾದರೆ ಇಲ್ಲಿ ಕೂತ್ಕೊಳ್ಳಿ. ನಿಮ್ಮ ಕಣ್ಣೂ ನೋಡೋಣ."

ನನ್ನ ಬಲಗಣ್ಣಿನ ಒತ್ತಡ 26, ಎಡಗಣ್ಣಿನದು 24. ನರ ಸವೆಯಲು ಶುರುವಾಗಿತ್ತು. ನನಗೆ ಒಂದು ತೊಂದರೆಯೂ ಇರಲಿಲ್ಲ. ಅಣ್ಣನಿಗೆ ಜೊತೆಯಾಗಿ ಹೋಗದಿದ್ದರೆ ನಾನೂ ಬಾಗಿಲವಾಡಕ್ಕೆ ಬಡಿಯುವವರೆಗೆ ಕಾಯುತ್ತಿದ್ದೆನೋ ಏನೋ.

ಇದನ್ನೇ ನಾನು ಎಲ್ಲರಿಗೂ ಒತ್ತಿ ಹೇಳುವುದು. ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು, ಇವರಲ್ಲಿ ಯಾರಿಗೇ ಗ್ಲಾಕೋಮಾ ಇದ್ದರೂ ಉಳಿದವರಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಬಂದೇ ಬರುತ್ತದೆ ಎಂದಲ್ಲ, ನೋಡಿಸಿಕೊಳ್ಳಬೇಕು ಎಂದು. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಒಂದೇ ಟವೆಲ್ಲಿನಲ್ಲಿ ಮುಖ ಒರೆಸಿದರೂ ಬರುವುದಿಲ್ಲ.

ನಾವು ಒಡಹುಟ್ಟಿದವರು ಮೂವರು. ಆಸ್ಪತ್ರೆಯಿಂದ ಬಂದ ಸಂಜೆಯೇ ತಿಪಟೂರಿನಲ್ಲಿದ್ದ ತಂಗಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಅಣ್ಣಾ, ನನಗೇನೂ ಆಗಿಲ್ಲ. ಸೂಜಿಗೆ ದಾರ ನಾನೇ ಪೋಣಿಸ್ತೀನಿ" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮ ವಂಶದಲ್ಲೇ ಕಣ್ಣು ಹೋಗೋ ಕಾಯಿಲೆ ಇದೆ ಅಂತ ಎಲ್ಲರ ಹತ್ತಿರ ಹೇಳ್ಕೊಂಡು ಬರಬೇಡ ಕಣಣ್ಣ. ಮಗಳ ಮಗಳಿಗೆ ಗಂಡು ನೋಡ್ತಿದಾರೆ" ಎಂದಳು.

ಅವಳ ಭಯ ನನಗೆ ಅರ್ಥವಾಗದ್ದಲ್ಲ. ನಮ್ಮ ಮನೆಗಳಲ್ಲಿ ಕಾಯಿಲೆಯ ಸುದ್ದಿಯನ್ನು ಮಡಿಬಟ್ಟೆಯ ಹಾಗೆ ಯಾರೂ ಮುಟ್ಟದಂತೆ ಎತ್ತಿಡುತ್ತೇವೆ. ನಮ್ಮ ಅಪ್ಪ ಕೊನೆಯ ನಾಲ್ಕೈದು ವರ್ಷ ಗೋಡೆ ಸವರಿಕೊಂಡು ಓಡಾಡುತ್ತಿದ್ದರು. "ಮುಪ್ಪು" ಎಂದು ಎಲ್ಲರೂ ಅಂದರು. ಅವರದು ಪೊರೆಯೋ ಗ್ಲಾಕೋಮಾವೋ, ಯಾರೂ ತೋರಿಸಲಿಲ್ಲ, ಯಾರೂ ಕೇಳಲಿಲ್ಲ. ಅವರ ತಾಯಿಯ ಕಣ್ಣಿನ ಕಥೆ ಏನಿತ್ತೋ ನಮಗೆ ಅದೂ ತಿಳಿದಿಲ್ಲ. ಅಪ್ಪ ಬಿಟ್ಟುಹೋದ ತೋಟದ ಪಹಣಿ ನಮ್ಮ ಹತ್ತಿರ ಇದೆ. ಕಣ್ಣಿನ ವಿಚಾರ ಮಾತ್ರ ಯಾವ ಕಾಗದದಲ್ಲೂ ಇಲ್ಲ.

ತಂಗಿಯನ್ನು ಒಪ್ಪಿಸಿದ್ದು ನಾನಲ್ಲ, ದೊಡ್ಡಣ್ಣ. ಅವನೇ ಫೋನ್ ಹಿಡಿದು, "ನೋಡಮ್ಮ, ಹುಡುಗಿ ಮದುವೆಗೆ ನಾನು ಬರ್ತೀನಿ. ಬಂದು ಅಕ್ಷತೆ ಹಾಕ್ತೀನಿ. ಅವಳ ಮುಖ ನನಗೆ ಪೂರ್ತಿ ಕಾಣಲ್ಲ. ನಿನಗೆ ಕಾಣಬೇಕೋ ಬೇಡವೋ?" ಎಂದ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಅವಳು ಹೋದಳು. ಅವಳ ಕಣ್ಣು ಚೆನ್ನಾಗಿಯೇ ಇತ್ತು, ವರ್ಷಕ್ಕೊಮ್ಮೆ ಬನ್ನಿ ಎಂದರು. ಆದರೆ ಅವಳ ಮಾತಿಗೆ ಪರೀಕ್ಷೆ ಮಾಡಿಸಿಕೊಂಡ ಅವಳ ಮಗ, ನನ್ನ ಸೋದರಳಿಯ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು, ಆಗ ನಲವತ್ತಾರು ವರ್ಷ, ಅವನಿಗೆ ಗ್ಲಾಕೋಮಾ ಸಿಕ್ಕಿತು. ತೀರ ಆರಂಭದಲ್ಲೇ ಸಿಕ್ಕಿದ್ದರಿಂದ ಇವತ್ತಿಗೂ ಕಾರು ಓಡಿಸುತ್ತಾನೆ. ಹುಡುಗಿಯ ಮದುವೆ ಗಂಡಿನ ಕಡೆಯವರಿಗೆ ಎಲ್ಲ ಹೇಳಿಯೇ ಆಯಿತು. ಹುಡುಗನ ಅಜ್ಜಿಯೂ ದಿನಾ ಹನಿ ಹಾಕಿಕೊಳ್ಳುವವರೇ ಎಂಬುದು ಆಗಲೇ ಹೊರಬಿದ್ದದ್ದು.

ಮನೆತನದಲ್ಲಿ ಇಲ್ಲದವರೂ ಇದನ್ನು ತಿಳಿದಿರಬೇಕು. ನಲವತ್ತು ದಾಟಿದ ಎಲ್ಲರಿಗೂ ಅಪಾಯ ಏರುತ್ತಾ ಹೋಗುತ್ತದೆ. ದೊಡ್ಡ ಮೈನಸ್ ನಂಬರಿನ ಕನ್ನಡಕದವರು, ಸಕ್ಕರೆ ಕಾಯಿಲೆಯವರು, ಕಾರ್ನಿಯಾ ತೆಳ್ಳಗಿರುವವರು ಇನ್ನೂ ಎಚ್ಚರವಾಗಿರಬೇಕು. ಕಣ್ಣಿಗೆ ಪೆಟ್ಟು ಬಿದ್ದವರಿಗೆ ಎಷ್ಟೋ ವರ್ಷಗಳ ನಂತರವೂ ಬರಬಹುದು. ಮಕ್ಕಳೇ, ಚಿನ್ನಿದಾಂಡು, ಶಟಲ್, ಕ್ರಿಕೆಟ್ ಚೆಂಡು, ದೀಪಾವಳಿಯ ಪಟಾಕಿ, ಯಾವುದರಿಂದ ಕಣ್ಣಿಗೆ ಏಟಾದರೂ ಬೈಸಿಕೊಳ್ಳುವ ಹೆದರಿಕೆಗೆ ಮುಚ್ಚಿಡಬೇಡಿ.

ಇನ್ನೊಂದು ಅಪಾಯ ಮನೆಯ ಔಷಧಿ ಡಬ್ಬಿಯಲ್ಲೇ ಇರುತ್ತದೆ. ಬೇಸಿಗೆ ಬಂದರೆ ಕೆಲವು ಮಕ್ಕಳಿಗೆ ಕಣ್ಣು ತುರಿಸಿ ಕೆಂಪಾಗುತ್ತದೆ. ಹೋದ ವರ್ಷ ಬರೆದುಕೊಟ್ಟ ಹನಿಯ ಹೆಸರು ಹೇಳಿ ಮೆಡಿಕಲ್ ಸ್ಟೋರಿನಿಂದ ತಂದು ಹಾಕುತ್ತೇವೆ. ತುರಿಕೆ ತಕ್ಷಣ ನಿಲ್ಲುತ್ತದೆ, ಆದ್ದರಿಂದ ಹಾಕುತ್ತಲೇ ಇರುತ್ತೇವೆ. ಆ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ, ವಾರಗಟ್ಟಲೆ ತಿಂಗಳುಗಟ್ಟಲೆ ಹಾಕಿದರೆ, ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ಚಿಕ್ಕ ವಯಸ್ಸಿಗೇ ಗ್ಲಾಕೋಮಾ ಬರುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಳ್ಳುವ ದೊಡ್ಡವರಿಗೂ ಈ ಮಾತು ಅನ್ವಯಿಸುತ್ತದೆ. ಅಂಥವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಕಣ್ಣಿನ ಒತ್ತಡ ನೋಡಿಸಿಕೊಳ್ಳುತ್ತಿರಬೇಕು. ತೀರ ಅಪರೂಪವಾಗಿ ಹುಟ್ಟುವಾಗಲೇ ಗ್ಲಾಕೋಮಾ ಇರುವ ಮಗುವೂ ಉಂಟು. ಹಸುಗೂಸಿನ ಕಣ್ಣು ಅಸಹಜವಾಗಿ ದೊಡ್ಡದಾಗಿದ್ದು, ನೀರು ಸೋರುತ್ತಾ, ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ, "ಎಂಥ ದೊಡ್ಡ ಕಣ್ಣು!" ಎಂದು ಮೆಚ್ಚಿ ಸುಮ್ಮನಾಗದೆ ಡಾಕ್ಟರಿಗೆ ತೋರಿಸಬೇಕು.

ಇಷ್ಟು ಹೊತ್ತು ಹೇಳಿದ್ದು ಸದ್ದಿಲ್ಲದೆ ಬರುವ ಬಗೆ. ಸದ್ದು ಮಾಡಿಕೊಂಡು ಬರುವ ಇನ್ನೊಂದು ಬಗೆ ಇದೆ. ಕೆಲವರ ಕಣ್ಣಿನಲ್ಲಿ ನೀರು ಬಸಿಯುವ ಆ ಮೂಲೆಯೇ ಕಿರಿದು. ಪ್ಲಸ್ ನಂಬರಿನ ಕನ್ನಡಕದವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಮೂಲೆ ಒಮ್ಮೆಗೇ ಮುಚ್ಚಿಕೊಂಡರೆ ಕಣ್ಣು ಕೆಂಪಾಗಿ ಸಿಡಿಯುವಂಥ ನೋವು, ತಲೆನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ, ಮಂಜು. "ಪಿತ್ತ ಏರಿದೆ" ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುವ ಹೊತ್ತಲ್ಲ ಅದು. ರಾತ್ರಿಯಾಗಿದ್ದರೂ ಸರಿ, ಆಗಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ನಮ್ಮ ದೇಶದಲ್ಲಿ ನಲವತ್ತು ದಾಟಿದವರ ಪೈಕಿ ಸುಮಾರು 1.1 ಕೋಟಿ ಜನರಿಗೆ ಗ್ಲಾಕೋಮಾ ಇದೆ ಎಂದು 2010ರ ಒಂದು ಅಂದಾಜು. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಕಾಯಿಲೆ ಇದ್ದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಅದು ಇದೆ ಎಂದೇ ತಿಳಿದಿರಲಿಲ್ಲ. ಆದ್ದರಿಂದ ನಲವತ್ತು ದಾಟಿದ ಮೇಲೆ ಎರಡು ವರ್ಷಕ್ಕೊಮ್ಮೆ, ಅರವತ್ತರ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಲ್ಲಿಗೆ ಹೋಗುವುದು ಲೇಸು. ಮನೆಯಲ್ಲಿ ಕಾಯಿಲೆ ಇದ್ದವರು ಇನ್ನೂ ಮೊದಲೇ ಶುರು ಮಾಡಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡರೆ ಸಾಲದು. ಕೊನೆಯ ಸಾಲಿನ ಅಕ್ಷರ ಓದಿದವನಿಗೂ ಗ್ಲಾಕೋಮಾ ಇರಬಹುದು.

ಪರೀಕ್ಷೆಗೆ ಹೆದರಬೇಕಿಲ್ಲ. ಒತ್ತಡ ನೋಡುವುದಕ್ಕೆ ಕಣ್ಣಿಗೆ ಉಫ್ ಎಂದು ಗಾಳಿ ಬಿಡುತ್ತಾರೆ, ಇಲ್ಲವೆ ಮರಗಟ್ಟುವ ಹನಿ ಹಾಕಿ ನೀಲಿ ಬೆಳಕಿನ ಯಂತ್ರ ಸೋಕಿಸುತ್ತಾರೆ. ಅಂಚಿನ ನೋಟ ಅಳೆಯುವ ಪರೀಕ್ಷೆ ಮಾತ್ರ ತಾಳ್ಮೆಯದು. ನಡುವೆ ದಿಟ್ಟಿಸುತ್ತಾ ಕೂತು, ಆಚೆ ಈಚೆ ಮಿಣುಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನನ್ನ ಮೊಮ್ಮಗಳು ಅದನ್ನು "ತಾತನ ವಿಡಿಯೋ ಗೇಮ್" ಅನ್ನುತ್ತಾಳೆ.

ಚಿಕಿತ್ಸೆ ಎಂದರೆ ಹೆಚ್ಚಿನವರಿಗೆ ಹನಿ. ಕೆಲವರಿಗೆ ಲೇಸರ್, ಕೆಲವರಿಗೆ ಶಸ್ತ್ರಚಿಕಿತ್ಸೆ. ಇವೆಲ್ಲ ಒತ್ತಡ ಇಳಿಸುವುದಕ್ಕೆ, ಹೋದ ನೋಟ ತರುವುದಕ್ಕಲ್ಲ. ಜನ ಎಡವುವುದು ಇಲ್ಲೇ. ಮೂರು ತಿಂಗಳು ಹನಿ ಹಾಕಿ, "ಏನೂ ಗುಣ ಕಾಣಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಇದ್ದದ್ದು ಇದ್ದ ಹಾಗೆ ಇರುವುದೇ ಇಲ್ಲಿ ಗುಣ. ಹನಿ ಒಂದೇ ಸಾಕು. ಕೆಳರೆಪ್ಪೆ ಎಳೆದು ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಅದುಮಿ ಹಿಡಿಯಬೇಕು. ಎರಡು ಬಗೆ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡುವಿರಲಿ. ಉಬ್ಬಸ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಕೆಲವು ಹನಿ ಅವರಿಗೆ ಆಗುವುದಿಲ್ಲ.

ಮಕ್ಕಳೇ, ನಿಮಗೊಂದು ಕೆಲಸ ಕೊಡುತ್ತೇನೆ. ಒಂದು ಹಾಳೆಯಲ್ಲಿ ನಿಮ್ಮ ವಂಶವೃಕ್ಷ ಬರೆಯಿರಿ. ಅಮ್ಮನ ಕಡೆ, ಅಪ್ಪನ ಕಡೆ, ಅಜ್ಜಿ ತಾತ, ಚಿಕ್ಕಪ್ಪ, ಅತ್ತೆ, ಮಾವ ಎಲ್ಲರನ್ನೂ. ಒಬ್ಬೊಬ್ಬರನ್ನೂ ಮೂರು ಪ್ರಶ್ನೆ ಕೇಳಿ. ಕಣ್ಣಿನ ಒತ್ತಡ ಕೊನೆಗೆ ನೋಡಿಸಿದ್ದು ಯಾವಾಗ? ಗ್ಲಾಕೋಮಾ ಇದೆ ಎಂದು ಯಾರಾದರೂ ಹೇಳಿದ್ದಾರೆಯೇ? ಮನೆಯಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಿದ್ದ ಹಿರಿಯರು ಇದ್ದರೇ? ಉತ್ತರವನ್ನು ಹೆಸರಿನ ಪಕ್ಕ ಬರೆದು ಹಾಳೆಯನ್ನು ಜೋಪಾನವಾಗಿ ಇಡಿ. ಅಜ್ಜ ಅಜ್ಜಿಯರೇ, ಮಕ್ಕಳು ಕೇಳಿದಾಗ "ನನಗೇನಾಗಿದೆ, ಹೋಗು" ಎಂದು ಅಟ್ಟಬೇಡಿ. ನೀವು ಹೇಳುವ ಮಾತು ಅವರ ಕಣ್ಣಿಗೆ ಬೇಕಾಗುತ್ತದೆ.

ದೊಡ್ಡಣ್ಣನಿಗೆ ಈಗ ಎಂಬತ್ತರ ಹತ್ತಿರ. ಎಡಗಣ್ಣಿನಲ್ಲಿ ಅಂದು ಎಷ್ಟು ಉಳಿದಿತ್ತೋ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ. ಪತ್ರಿಕೆಯ ತಲೆಬರಹಗಳನ್ನು ಅವನೇ ಓದುತ್ತಾನೆ, ಉಳಿದದ್ದನ್ನು ಅತ್ತಿಗೆ ಓದಿ ಹೇಳುತ್ತಾರೆ. ರಾತ್ರಿ ಎಂಟಕ್ಕೆ ಫೋನ್ ಮಾಡಿ, "ಹನಿ ಹಾಕ್ಕೊಂಡ್ಯೇನೋ?" ಎಂದು ನನ್ನನ್ನು ಕೇಳುತ್ತಾನೆ. ಆಮೇಲೆ ತಂಗಿಯ ಮಗನಿಗೂ ಮಾಡುತ್ತಾನಂತೆ.